ಗುಡುಗಿನ ಬಲಗಿವಿ

"ಅವರದೇ," ಎಂದರು ಅತ್ತಿಗೆ, ನೋಡದೆಯೇ.

ಇಸ್ತ್ರಿ ಪೆಟ್ಟಿಗೆ ಅಣ್ಣನ ನೀಲಿ ಅಂಗಿಯ ತೋಳಿನ ಮೇಲೆ ಹೋಗಿ ಬರುತ್ತಿತ್ತು. ತೊಡುವವನು ಇಲ್ಲದ ಅಂಗಿ. ಅಣ್ಣ ಹೋದ ಸುದ್ದಿ ಬಂದಾಗಲೂ ಮನೆಯಲ್ಲಿ ಇಸ್ತ್ರಿಯನ್ನೇ ಮಾಡುತ್ತಿದ್ದೆ ಎಂದು ಅತ್ತಿಗೆ ಬಂದವರಿಗೆಲ್ಲ ಹೇಳುತ್ತಿದ್ದರು. ಆಮೇಲೆ ಅದನ್ನು ನಿಲ್ಲಿಸಿಯೇ ಇಲ್ಲವೇನೋ ಅನ್ನಿಸುತ್ತಿತ್ತು. ಕಪಾಟಿನ ಅಂಗಿಗಳೆಲ್ಲ ಮುಗಿದು, ಈಗ ಮಡಚಿಟ್ಟವನ್ನೇ ಬಿಚ್ಚಿ ಮತ್ತೆ ತೀಡುತ್ತಿದ್ದರು.

"ಸರಿಯಾಗಿ ನೋಡಿ ಅತ್ತಿಗೆ."

"ನೋಡೋದೇನಿದೆ? ಅವರ ಸಾಮಾನಿನ ಜೊತೇಲೇ ಬಂದಿದ್ದು. ಅವರದಲ್ಲದೆ ಇನ್ಯಾರದು?"

ಆಸ್ಪತ್ರೆಯವರು ಕೊಟ್ಟ ಪ್ಲಾಸ್ಟಿಕ್ ಚೀಲ ಮೇಜಿನ ಮೇಲಿತ್ತು. ಒಳಗೆ ಕೈಗಡಿಯಾರ, ಕನ್ನಡಕ, ಬಾಚಣಿಗೆ. ಮತ್ತು ನನ್ನ ಅಂಗೈಯಲ್ಲಿದ್ದ ಇದು: ಟೀವಿಯಲ್ಲಿ ಸುದ್ದಿ ಓದುವವರು ಕಿವಿಗೆ ಸಿಕ್ಕಿಸಿಕೊಳ್ಳುವ ಇಯರ್‌ಪೀಸ್. ಗಾಜಿನಂತೆ ಪಾರದರ್ಶಕ, ಬಸವನಹುಳುವಿನ ಚಿಪ್ಪಿನಷ್ಟು ದೊಡ್ಡದು. ಕಂಟ್ರೋಲ್ ರೂಮಿನಲ್ಲಿ ಕೂತವರು ಮೈಕಿನಲ್ಲಿ ಹೇಳಿದ್ದು ಇದರಲ್ಲಿ ಕೇಳಿಸುತ್ತದೆ. ನೋಡುವ ಜನರಿಗೆ ಕೇಳಿಸುವುದಿಲ್ಲ. ಅಣ್ಣ ಇದಕ್ಕೆ 'ಯಜಮಾನರ ನಾಲಿಗೆ' ಎಂದು ಹೆಸರಿಟ್ಟಿದ್ದ.

ಅವನದನ್ನು ಮಾಡಿಸುವಾಗ ನಾನೂ ಜೊತೆಗೆ ಹೋಗಿದ್ದೆ. ಕಿವಿಯೊಳಗೆ ತಣ್ಣನೆಯ ಲೇಪ ತುಂಬಿ, ಗಟ್ಟಿಯಾದ ಮೇಲೆ ತೆಗೆದು, ಅದರ ಅಚ್ಚಿನಲ್ಲಿ ಮಾಡುತ್ತಾರೆ. ಹಾಗಾಗಿ ಒಬ್ಬರದು ಇನ್ನೊಬ್ಬರಿಗೆ ಹೊಂದುವುದಿಲ್ಲ. ಬಲಗಿವಿಯದು ಎಡಗಿವಿಗಂತೂ ಸುತರಾಂ ಕೂರುವುದಿಲ್ಲ.

ನನ್ನ ಕೈಯಲ್ಲಿದ್ದದ್ದು ಎಡಗಿವಿಯದು. ನನ್ನ ಕಿವಿಗೇ ಇಟ್ಟು ನೋಡಿಕೊಂಡಿದ್ದೆ. ಬಲಕ್ಕೆ ಹೇಗೆ ತಿರುಗಿಸಿದರೂ ಒಳಗೆ ಹೋಗಲಿಲ್ಲ, ಎಡಕ್ಕೆ ಸುಮಾರಾಗಿ ನಿಂತಿತು.

ಅಣ್ಣನಿಗೆ ಎಡಗಿವಿ ಕೇಳಿಸುತ್ತಿರಲಿಲ್ಲ.

ಚಿಕ್ಕಂದಿನಲ್ಲಿ ಜ್ವರ ಬಂದು ಹೋದ ಕಿವಿ ಅದು. ಅವನು ಸುದ್ದಿ ಓದುತ್ತಿದ್ದ ಚಾನೆಲ್‌ನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಒಂದು ಕಿವಿ ಇಲ್ಲದವನಿಗೆ ಆ ಕೆಲಸ ಯಾರು ಕೊಡುತ್ತಾರೆ? ಬಲಗಿವಿ ನನ್ನ ಅದೃಷ್ಟದ ಕಿವಿ ಎಂದು ನಗಾಡಿ ತೇಲಿಸಿಬಿಡುತ್ತಿದ್ದ. ಅವನ ಗಂಟಲಿಗೆ ಊರೆಲ್ಲ 'ಗುಡುಗು' ಎಂದು ಹೆಸರಿಟ್ಟಿತ್ತು. ಅಷ್ಟು ಜೋರಾಗಿ ಯಾಕೆ ಕೂಗುತ್ತಾನೆಂದು ಮನೆಯವರಾದ ನಮಗಷ್ಟೇ ಗೊತ್ತಿತ್ತು.

ಮನೆಯಲ್ಲಿ ನಾವೆಲ್ಲ ಅವನ ಬಲಕ್ಕೇ ಕೂರುತ್ತಿದ್ದೆವು. ಅತ್ತಿಗೆ ಅಡುಗೆಮನೆಯಿಂದ ಬಂದರೂ ಕುರ್ಚಿ ಸುತ್ತುಹಾಕಿ ಬಲಗಡೆಗೆ ಬಂದು, "ಬಲಗಡೆ ಇದೀನಿ ರೀ," ಎಂದ ಮೇಲೆಯೇ ಮಾತು ಶುರು ಮಾಡುವುದು. ಫೋನಿನಲ್ಲೂ ಬಾಯಿತಪ್ಪಿ ಹಾಗೇ ಅನ್ನುತ್ತಿದ್ದರು. ನಾನೂ ಅಣ್ಣನೂ ಅದನ್ನು ಅಣಕಿಸಿ ಅವರನ್ನು ಗೋಳು ಹುಯ್ದುಕೊಂಡಿದ್ದು ಅಷ್ಟಿಷ್ಟಲ್ಲ.

ಅಂಥ ಅತ್ತಿಗೆ ಈಗ ಎಡಗಿವಿಯದನ್ನು ಅವರದೇ ಎನ್ನುತ್ತಿದ್ದರು.

ದುಃಖದಲ್ಲಿ ಮನುಷ್ಯರಿಗೆ ಎಡಬಲ ತಿಳಿಯದೆ ಹೋಗಬಹುದು ಅಂದುಕೊಂಡೆ. ನನಗಂತೂ ಅವನು ಹೋದ ದಿನದಿಂದ ಏನೂ ತಿಳಿಯುತ್ತಿರಲಿಲ್ಲ. ಅಳು ಬಂದಿರಲಿಲ್ಲ, ಸಿಟ್ಟೂ ಬಂದಿರಲಿಲ್ಲ. ಮೈಯೆಲ್ಲ ಜೋಮು ಹಿಡಿದ ಕಾಲಿನ ಹಾಗಾಗಿತ್ತು.

"ಇದನ್ನ ನಾನಿಟ್ಕೊಳ್ಳಲಾ?"

ಇಸ್ತ್ರಿ ಒಂದು ಗಳಿಗೆ ನಿಂತಿತು.

"ಏನು ಮಾಡ್ತೀಯ ಇಟ್ಕೊಂಡು?"

"ನೆನಪಿಗೆ."

"ಇಟ್ಕೋ," ಎಂದರು. ಇಸ್ತ್ರಿ ಮತ್ತೆ ಹೊರಟಿತು.

*

ನಮ್ಮ ವಾರಪತ್ರಿಕೆಯ ಕಚೇರಿ ಎಂದರೆ ಎರಡು ಕೋಣೆ ಮತ್ತು ಒಂದು ಜಗಳಗಂಟ ಪ್ರಿಂಟರ್. ನಾನು ಬರೆಯುವುದು ಸುದ್ದಿ ಮಾರುವ ದೊಡ್ಡ ಮನುಷ್ಯರ ಬಗ್ಗೆ. ಚಾನೆಲ್‌ಗಳು ಯಾರ ಕೈಯಲ್ಲಿವೆ, ಯಾವ ಸುದ್ದಿ ಯಾಕೆ ಕೂಗುತ್ತದೆ, ಯಾವುದು ಯಾಕೆ ಬಾಯಿ ಮುಚ್ಚುತ್ತದೆ ಎಂಬುದು ನನ್ನ ಕಸುಬು. ಅಣ್ಣನ ಚಾನೆಲ್‌ನ ಮಾಲೀಕರನ್ನು ಎಲ್ಲರೂ ಕರೆಯುವುದು ದೊಡ್ಡವರು ಎಂದೇ. ಅವರು ಸ್ವತಃ ಕಂಟ್ರೋಲ್ ರೂಮಿನ ಮೈಕಿನ ಮುಂದೆ ಕೂತು, ಯಾರನ್ನು ಹರಿದು ಹಾಕಬೇಕೆಂದು ಓದುವವರ ಕಿವಿಯಲ್ಲಿ ಊದುತ್ತಾರೆ ಎಂದು ಬರೆದಿದ್ದೆ. ಬರೆದದ್ದಕ್ಕೆ ಕೋರ್ಟಿನ ಮೆಟ್ಟಿಲು ಹತ್ತುತ್ತಿದ್ದೆ. ಕೇಳಿಸಿಕೊಂಡ ಒಂದೇ ಒಂದು ಕಿವಿ ಬಾಯಿ ಬಿಟ್ಟಿದ್ದರೆ ಸಾಕಿತ್ತು.

ಆ ಕಿವಿ ಅಣ್ಣನದಾಗುತ್ತಿತ್ತು. ಅವನು ಸತ್ತ ದಿನ ಬೆಳಿಗ್ಗೆ ಫೋನ್ ಮಾಡಿದ್ದ.

"ಸಂಜೆ ಬರ್ತೀನಿ ಕಣೇ. ನಿನ್ನ ಪತ್ರಿಕೆಗೆ ನಾನೇ ಸುದ್ದಿ. ಪೆನ್ನು ಚೂಪು ಮಾಡ್ಕೊಂಡಿರು."

ಅದರ ಹಿಂದಿನ ವಾರ ಅವನು ಕಿವಿಯಲ್ಲಿ ಬಂದ ಮಾತು ಕೇಳಿ ಒಬ್ಬ ನರ್ಸಿನ ಮೇಲೆ, ಅವಳು ಮಾಡದ ತಪ್ಪಿಗೆ, ಗುಡುಗಿದ್ದ. ಆ ಹೆಂಗಸು ಊರು ಬಿಟ್ಟಿದ್ದಳು. ಅಣ್ಣನಿಗೆ ಅದು ಅರಗಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಮೇಕಪ್ ರೂಮಿನಲ್ಲಿ ಹೃದಯಾಘಾತ ಎಂದು ಸುದ್ದಿ ಬಂತು. ಆಗ ಕೋಣೆಯಲ್ಲಿ ಅವನೊಬ್ಬನೇ ಇದ್ದ ಎಂದು ಚಾನೆಲ್ ಹೇಳಿತು.

ಒಬ್ಬನೇ ಇದ್ದವನ ಸಾಮಾನಿನಲ್ಲಿ ಇನ್ನೊಬ್ಬರ ಕಿವಿ ಹೇಗೆ ಬಂತು?

ಇಷ್ಟನ್ನೂ ಸಂಪಾದಕರ ಮುಂದಿಟ್ಟೆ. ಅವರು ಇಯರ್‌ಪೀಸನ್ನು ಬೆಳಕಿಗೆ ಹಿಡಿದು ನೋಡಿ, ವಾಪಸು ಕೊಟ್ಟರು.

"ನೋಡಮ್ಮ, ನಿನಗಂತ ಒಂದು ಪುಟ ಖಾಲಿ ಇಟ್ಟಿದೀನಿ. ಸಂಜೆವರೆಗೂ ಇಟ್ಟಿರ್ತೀನಿ. ಆದ್ರೆ ಸಾಕ್ಷಿ ಇಲ್ದೆ ಒಂದಕ್ಷರ ಹಾಕಲ್ಲ. ಅವರ ವಕೀಲರು ಈ ಸಲ ನನ್ನ ಬನಿಯನ್ನೂ ಬಿಚ್ಚಿಸ್ಕೊಂಡು ಕಳಿಸ್ತಾರೆ."

"ಗೊತ್ತು ಸರ್."

"ಟೀ ಕುಡಿ ಮೊದಲು. ಮುಖ ನೋಡ್ಕೋ, ಸುಣ್ಣ ಬಳಿದ ಹಾಗಿದೆ."

ಕುಡಿದೆ. ಕುದಿಯುವ ಟೀ ಎಂದು ಗೊತ್ತಾಗಿದ್ದು ನಾಲಿಗೆ ಸುಟ್ಟು ಎಷ್ಟೋ ಹೊತ್ತಾದ ಮೇಲೆ.

ಮೂಲೆಯ ಟೀವಿಯಲ್ಲಿ ಅಣ್ಣನ ಚಾನೆಲ್ ದನಿಯಿಲ್ಲದೆ ಓಡುತ್ತಿತ್ತು. ಅವನ ಜಾಗದಲ್ಲಿ ಈಗ ಓದುತ್ತಿದ್ದವಳು ಅವನೇ ತಿದ್ದಿ ತೀಡಿ ಬೆಳೆಸಿದ ಹುಡುಗಿ. ಗುಡುಗಿನ ಹಿಂದೆ ಬಂದವಳಾದ್ದರಿಂದ ಆಫೀಸಿನಲ್ಲಿ ಅವಳಿಗೆ 'ಮಿಂಚು' ಎಂದು ಹೆಸರು ಬಿದ್ದಿತ್ತು. ನನ್ನನ್ನು ಅಕ್ಕ ಎನ್ನುತ್ತಿದ್ದಳು. ಅಣ್ಣ ಹೋದ ದಿನ ಮನೆಗೆ ಬಂದವಳು ಬಾಗಿಲಲ್ಲೇ ನಿಂತು, ಒಳಗೆ ಬರದೆ ಹಿಂದಿರುಗಿದ್ದಳು.

ಮಿಂಚು ಓದುತ್ತ ಓದುತ್ತ ಕಿವಿ ಒತ್ತಿಕೊಂಡಳು. ಇನ್ನೊಂದು ಸುದ್ದಿ, ಮತ್ತೆ ಒತ್ತಿಕೊಂಡಳು. ಏನೋ ಜಾರಿ ಬೀಳುತ್ತಿದ್ದಂತೆ.

"ಪಾಪ, ಹುಡುಗಿಗೆ ಕಿವಿನೋವು," ಎಂದರು ಸಂಪಾದಕರು.

ನಾನು ಎದ್ದು ಟೀವಿಯ ಹತ್ತಿರ ಹೋದೆ. ಈ ಹುಡುಗಿ ಓದುವುದನ್ನು ನಾನು ವರ್ಷಗಟ್ಟಲೆ ನೋಡಿದ್ದೆ. ಅವಳ ಕೂದಲು ಸದಾ ಬಲಗಡೆಗೆ ಇಳಿಬಿಟ್ಟಿರುತ್ತಿತ್ತು, ಇಯರ್‌ಪೀಸ್ ಎಡಗಿವಿಯಲ್ಲಿರುತ್ತಿತ್ತು. ಈಗ ಕೂದಲು ಎಡಗಡೆಗೆ ಬಂದಿತ್ತು. ಅವಳು ಒತ್ತಿಕೊಳ್ಳುತ್ತಿದ್ದದ್ದು ಬಲಗಿವಿಯನ್ನು.

ಇಡೀ ಊರಿಗೆ ಕಾಣುತ್ತಿತ್ತು. ಊರು ಅವಳ ಸೀರೆ ನೋಡುತ್ತಿತ್ತು.

"ಎಲ್ಲಿಗೆ ಹೊರಟೆ?" ಎಂದು ಸಂಪಾದಕರು ಕೂಗಿದಾಗ ನಾನಾಗಲೇ ಮೆಟ್ಟಿಲ ಮೇಲಿದ್ದೆ.

*

ಚಾನೆಲ್‌ನ ಗಾಜಿನ ಬಾಗಿಲಿನಲ್ಲಿ ನನ್ನ ಫೋಟೋ ಅಂಟಿಸಿ, ಈಕೆಯನ್ನು ಒಳಗೆ ಬಿಡಬಾರದು ಎಂದು ಬರೆದಿದ್ದ ಕಾಲವಿತ್ತು. ಈಗ ಅದೇ ಕಾವಲಿನವನು ಎದ್ದು ನಿಂತ.

"ಅಣ್ಣನ ಸಾಮಾನು ತಗೊಂಡು ಹೋಗೋಕೆ ಬಂದೆ," ಎಂದೆ.

"ಹೋಗಿ ಅಮ್ಮ, ಹೋಗಿ. ಎಂಥ ಮನುಷ್ಯ!" ಎಂದು ಕಣ್ಣೊರೆಸಿಕೊಂಡ. ಸತ್ತವರ ತಂಗಿಗೆ ತೆರೆಯದ ಬಾಗಿಲಿಲ್ಲ. ಇಷ್ಟು ಸುಲಭವಾಗಿ ಈ ಕಟ್ಟಡದೊಳಕ್ಕೆ ನಾನೆಂದೂ ಹೋಗಿರಲಿಲ್ಲ ಎಂಬುದು ತಲೆಗೆ ಹೊಳೆಯಿತು. ನಗು ಬರಬೇಕಾದ ವಿಷಯ, ಬರಲಿಲ್ಲ.

ಒಳಾಂಗಣದಲ್ಲಿ ಅಣ್ಣನ ಆಳೆತ್ತರದ ಚಿತ್ರ ನಿಲ್ಲಿಸಿದ್ದರು. ಬಾಯಿ ತೆರೆದಿದ್ದ. ಅವನ ಚಿತ್ರಗಳಲ್ಲೆಲ್ಲ ಅವನ ಬಾಯಿ ತೆರೆದೇ ಇರುತ್ತಿತ್ತು.

ಮೇಕಪ್ ರೂಮಿನ ಬಾಗಿಲು ತಳ್ಳಿದೆ. ಕನ್ನಡಿಯ ಸುತ್ತ ಬಲ್ಬುಗಳ ಸಾಲು, ಪೌಡರಿನ ವಾಸನೆ, ಒಂದರ ಪಕ್ಕ ಒಂದು ಎರಡು ಕುರ್ಚಿ. ಬಾಗಿಲ ಕಡೆಯದು ಅಣ್ಣನದು. ಅದು ಖಾಲಿ ಇತ್ತು. ಇನ್ನೊಂದರಲ್ಲಿ ಮಿಂಚು ಮುಂದಿನ ಸುದ್ದಿಗೆ ಬಣ್ಣ ಹಚ್ಚಿಕೊಂಡು ಒಬ್ಬಳೇ ಕೂತಿದ್ದಳು. ಬಟ್ಟೆಗೆ ಪೌಡರ್ ಆಗದಿರಲಿ ಎಂದು ಕುತ್ತಿಗೆಯ ಸುತ್ತ ಸಿಕ್ಕಿಸಿದ್ದ ಟಿಶ್ಯೂ ಕಾಗದ ಇನ್ನೂ ಹಾಗೇ ಇತ್ತು.

ಕನ್ನಡಿಯಲ್ಲಿ ನನ್ನನ್ನು ಕಂಡಳು. ಬಳಿದ ಬಣ್ಣದ ಕೆಳಗಿನ ಮುಖ ಬಿಳಿಚಿಕೊಂಡಿತು.

"ಅಕ್ಕ…"

ನಾನು ಅಣ್ಣನ ಕುರ್ಚಿಯಲ್ಲಿ ಕೂತೆ. ಅವನು ಕೊನೆಯದಾಗಿ ಕೂತ ಜಾಗ ಎಂದು ಮನಸ್ಸಿಗೆ ಹೇಳಿಕೊಂಡೆ. ಮನಸ್ಸು ಸರಿ ಎಂದಿತು, ಅಷ್ಟೇ. ಜೇಬಿನಿಂದ ಇಯರ್‌ಪೀಸ್ ತೆಗೆದು ಅವಳ ಮುಂದಿಟ್ಟೆ.

"ಹಾಕ್ಕೋ."

"ಏನಕ್ಕಾ ಇದು?"

"ನನಗೂ ಗೊತ್ತಿಲ್ಲ. ಹಾಕ್ಕೊಂಡು ತೋರಿಸು. ಎಡಗಿವಿಗೆ."

"ಬೇಡಕ್ಕ."

"ನಿನಗೆ ಹೊಂದದೇ ಇದ್ರೆ ಕ್ಷಮೆ ಕೇಳಿ ಎದ್ದು ಹೋಗ್ತೀನಿ."

ಅವಳು ಬಾಗಿಲ ಕಡೆ ನೋಡಿದಳು. ನಾನು ಎದ್ದು ಚಿಲಕ ಹಾಕಿ ಬಂದೆ. ನನ್ನ ಕೈ ಬೇರೆಯವರದು ಎನ್ನುವ ಹಾಗೆ ಮಡಿಲಲ್ಲಿ ಬಿದ್ದಿತ್ತು. ಮಿಂಚು ಇಯರ್‌ಪೀಸನ್ನು ಎಡಗಿವಿಗೆ ಇಟ್ಟು ಮೆಲ್ಲಗೆ ತಿರುಗಿಸಿದಳು. ಬೀಗಕ್ಕೆ ಅದರದೇ ಕೀಲಿ ಕೂತಂತೆ ಕೂತಿತು.

"ಈಗ ಬಲಗಿವೀಲಿ ಇರೋದನ್ನ ತೆಗಿ," ಎಂದೆ. "ಅದು ನಮ್ಮ ಮನೇದು."

ತೆಗೆದಳು. ಜಾರದಿರಲೆಂದು ಅದರ ಸುತ್ತ ತೆಳ್ಳಗೆ ಹತ್ತಿ ಸುತ್ತಿದ್ದಳು. ಹತ್ತಿ ಬಿಡಿಸಿ ನನ್ನ ಅಂಗೈಯಲ್ಲಿಟ್ಟಳು. ಅಣ್ಣನ ಬಲಗಿವಿ. ಅವಳ ಮೈ ಬಿಸಿಗೆ ಬೆಚ್ಚಗಿತ್ತು. ಆ ಬಿಸಿಗೆ ನನ್ನೊಳಗೆ ಎಲ್ಲೋ ಏನೋ ಮಿಸುಕಾಡಿ ಮತ್ತೆ ಸುಮ್ಮನಾಯಿತು.

"ನೀನೇನು ಮಾಡಿದೆ ಅವನಿಗೆ?"

"ಅಯ್ಯೋ, ನಾನೇನೂ ಮಾಡಿಲ್ಲಕ್ಕ! ನನ್ನ ತಾಯಾಣೆ. ಸರ್ ನನಗೆ ಅನ್ನ ಹಾಕಿದೋರು."

"ಕೋಣೇಲಿ ಅವನೊಬ್ಬನೇ ಇದ್ದ ಅಂತ ನಿನ್ನ ಚಾನೆಲ್ಲೇ ಹೇಳ್ತು. ಓದಿದ್ದು ನೀನೇ."

ಅವಳ ಗಲ್ಲದ ಬಣ್ಣದ ಮೇಲೆ ಕಣ್ಣೀರು ಗೀರು ಎಳೆಯತೊಡಗಿತು. ನಾನು ಟಿಶ್ಯೂ ಕಿತ್ತು ಕೊಟ್ಟೆ. ಅಳುವವರನ್ನು ಕಂಡು ಆಗ ನನಗಾದದ್ದು ಹೊಟ್ಟೆಕಿಚ್ಚು.

"ಸರ್ ಅವತ್ತು ಬೇಗ ರೆಡಿಯಾಗಿ ಇಲ್ಲಿ ಕೂತಿದ್ರು. ಫೋನ್ ಆಫ್ ಮಾಡಿದ್ರು, ಕಿವೀಲಿ ಇದು ಮಾತ್ರ ಇತ್ತು. ಯಾರನ್ನೂ ಒಳಗೆ ಬಿಡಬೇಡ ಅಂದಿದ್ರು. ನಾನು ನನ್ನ ಇಯರ್‌ಪೀಸ್ ಕೈಲಿ ಹಿಡ್ಕೊಂಡು, ಒಂದು ಮಾತು ಕೇಳೋಣ ಅಂತ ಬಂದೆ. ಇದೇ ಮೇಜಿನ ಮೇಲೆ ಹಣೆ ಇಟ್ಟಿದ್ರು. ನಿದ್ದೆ ಬಂದಿದೆ ಅಂದ್ಕೊಂಡೆ. ಭುಜ ಮುಟ್ಟಿದೆ. ಮೈ ಬಿಸಿ ಇತ್ತು, ಉಸಿರಿರಲಿಲ್ಲ."

"ಕೂಗಲಿಲ್ವಾ?"

"ಕೂಗೋಕೆ ಬಾಯಿ ತೆಗೆದೆ. ಅಷ್ಟರಲ್ಲಿ ಅವರ ಕಿವಿಯಿಂದ ಸಣ್ಣಗೆ ದನಿ ಕೇಳಿಸ್ತು. ಸೊಳ್ಳೆ ಗುಂಯ್ ಅಂದ ಹಾಗೆ. ಯಾರೋ ಮಾತಾಡ್ತಾನೇ ಇದ್ರು. ನನ್ನದನ್ನ ಮೇಜಿನ ಮೇಲಿಟ್ಟು, ಸರ್ ಕಿವೀಲಿ ಇದ್ದಿದ್ದನ್ನ ತೆಗೆದು ನನ್ನ ಕಿವಿಗಿಟ್ಟೆ. ಯಾಕೆ ಹಾಗೆ ಮಾಡಿದೆ ಅಂತ ಕೇಳಬೇಡಿ, ನನಗೇ ಗೊತ್ತಿಲ್ಲ."

"ದೊಡ್ಡವರ ದನಿ," ಎಂದೆ. ನನ್ನ ಖಾಲಿ ಪುಟ ಕಣ್ಣ ಮುಂದೆ ಬಂತು. ಅಣ್ಣನ ಕಿವಿ ಅಲ್ಲದಿದ್ದರೆ ಇವಳ ಕಿವಿ. ಸಾಕ್ಷಿ.

ಮಿಂಚು ತಲೆಯಾಡಿಸಿದಳು. ಅದು ಪೂರ್ತಿ ಹೌದು ಎನ್ನುವ ಹಾಗಿರಲಿಲ್ಲ.

"ಮೊದಲು ಅವರದೇ ಇತ್ತು. 'ಹೇಳಿ, ನೀವೇ ಬುದ್ಧಿ ಹೇಳಿ' ಅಂದ್ರು. ನಮಗೆ ದಿನಾ ಕಿವೀಲಿ ಕೂತು ಹೇಳೋ ದನಿ, ಮರೆಯೋಕಾಗುತ್ತಾ? ಅದನ್ನ ಎಲ್ಲಿ ಬೇಕಾದ್ರೂ ನಿಂತು ಹೇಳ್ತೀನಿ, ಕೋರ್ಟಲ್ಲೂ ಹೇಳ್ತೀನಿ. ಆದ್ರೆ ಆಮೇಲೆ ಮಾತಾಡಿದ್ದು ಒಬ್ಬ ಹೆಂಗಸು."

"ಯಾರು?"

"ಗೊತ್ತಿಲ್ಲಕ್ಕ. ನಮ್ಮೋರ್ಯಾರೂ ಅಲ್ಲ. ಅಳ್ತಾ ಇದ್ರು. 'ನಿಮ್ಮ ತಂಗಿಗೆ ಏನೂ ಹೇಳಬೇಡಿ. ನಿಮ್ಮ ಕಾಲಿಗೆ ಬೀಳ್ತೀನಿ, ಒಂದು ಹೂಂ ಅನ್ನಿ' ಅಂತಿದ್ರು. ಅದ್ರಲ್ಲಿ ಆ ಕಡೆಯಿಂದ ಮಾತಾಡಬಹುದು ಅಷ್ಟೇ, ಈ ಕಡೆಯಿಂದ ಉತ್ತರ ಕೊಡೋಕಾಗಲ್ಲ. ಪಾಪ, ಅದು ಅವರಿಗೆ ಗೊತ್ತಿರಲಿಲ್ಲ ಅನ್ಸುತ್ತೆ. ಇವರು ಬೇಕಂತಲೇ ಸುಮ್ಮನಿದಾರೆ ಅಂದ್ಕೊಂಡು ಕೇಳ್ತಾನೇ ಇದ್ರು. ಕೊನೇಗೆ ಏನೋ ಒಂಥರಾ ಅಂದ್ರು. ಅದರ ತಲೆಬುಡ ನನಗೆ ಇವತ್ತಿಗೂ ಗೊತ್ತಾಗಿಲ್ಲ."

"ಏನಂದ್ರು?"

"'ಬಲಗಡೆ ಇದೀನಿ ರೀ. ಕೇಳಿಸ್ತಿಲ್ವಾ?'"

ಕನ್ನಡಿಯ ಬಲ್ಬುಗಳಲ್ಲಿ ಒಂದು ಮಿಣಮಿಣ ಎನ್ನುತ್ತಿತ್ತು. ನಾನು ಅದನ್ನೇ ನೋಡುತ್ತ ಕೂತೆ. ಮನೆಯಲ್ಲಿ ಇಸ್ತ್ರಿ ಮಾಡುತ್ತಿದ್ದೆ ಎಂದಿದ್ದರು ಅತ್ತಿಗೆ. ಬಂದವರಿಗೆಲ್ಲ ಅದನ್ನೇ ಹೇಳಿದ್ದರು. ಆ ಹೊತ್ತಿಗೆ ಈ ಕಟ್ಟಡದಲ್ಲಿ, ಕೆಳಗಿನ ಮಹಡಿಯ ಕಂಟ್ರೋಲ್ ರೂಮಿನಲ್ಲಿ, ದೊಡ್ಡವರ ಪಕ್ಕದಲ್ಲಿ ಮೈಕಿನ ಮುಂದೆ ಕೂತು ಸತ್ತ ಗಂಡನ ಹತ್ತಿರ ಒಂದು ಹೂಂಗಾಗಿ ಬೇಡಿಕೊಳ್ಳುತ್ತಿದ್ದರು.

ಅಥವಾ ಆಗ ಅವನಿನ್ನೂ ಸತ್ತಿರಲಿಲ್ಲವೋ ಏನೋ. ಅವರ ಮಾತು ಕೇಳುತ್ತಲೇ ಅವನ ಎದೆ ಒಡೆಯಿತೋ ಏನೋ.

ನನ್ನ ಪುಟ ತುಂಬುತ್ತಿತ್ತು. ದೊಡ್ಡವರ ಹೆಸರು ಬರೆಯುವ ವಾಕ್ಯದಲ್ಲೇ ಅತ್ತಿಗೆಯನ್ನೂ ಬರೆಯಬೇಕಾಗುತ್ತಿತ್ತು. ಒಬ್ಬರನ್ನು ಬಿಟ್ಟು ಒಬ್ಬರನ್ನು ಬರೆಯುವ ದಾರಿ ಇರಲಿಲ್ಲ.

"ಅಕ್ಕ, ಯಾರಂತ ಗೊತ್ತಾಯ್ತಾ ನಿಮಗೆ?"

"ಆಮೇಲೇನಾಯ್ತು ಹೇಳು," ಎಂದೆ.

"ಹೆಜ್ಜೆ ಸದ್ದಾಯ್ತು. ಸರ್‌ದನ್ನ ಮುಷ್ಟೀಲಿ ಮುಚ್ಕೊಂಡೆ. ಎಲ್ಲರೂ ನುಗ್ಗಿದ್ರು. ಮೇಜಿನ ಮೇಲಿದ್ದಿದ್ದನ್ನೆಲ್ಲ ಸರ್‌ದೇ ಅಂತ ಯಾರೋ ಬಾಚಿ ಅವರ ಜೊತೇಲೇ ಆಸ್ಪತ್ರೆಗೆ ಕಳಿಸಿದ್ರು. ನನ್ನದೂ ಅದರ ಜೊತೆ ಹೋಯ್ತು. ಹೊಸದು ಮಾಡಿಸ್ಕೊಡಿ ಅಂತ ಕೇಳಿದ್ರೆ ಹಳೇದೆಲ್ಲಿ ಅಂತಾರೆ. ಅದಕ್ಕೇ ಇದನ್ನೇ ಹಾಕ್ಕೊಂಡು ಓದ್ತಿದೀನಿ." ದನಿ ತಗ್ಗಿಸಿದಳು. "ಅವರು ಹುಡುಕ್ತಿದಾರೆ ಅಕ್ಕ. ಸರ್ ಕಿವೀಲಿ ಇದ್ದಿದ್ದು ಯಾರ ಹತ್ರ ಇದೆಯೋ, ಆ ಮಾತು ಕೇಳಿಸ್ಕೊಂಡೋರು ಅವರೇ ಅಂತ ದೊಡ್ಡವರಿಗೆ ಗೊತ್ತು. ನಿನ್ನೆ ಎಲ್ಲರ ಡ್ರಾಯರ್ ತೆಗೆಸಿದ್ರು."

"ಕಿವಿ ನೋಡಲಿಲ್ವಾ?"

"ಕ್ಯಾಮೆರಾ ಮುಂದೆ ಕೂತಿರೋರ ಕಿವೀಲಿ ಹುಡುಕಬೇಕು ಅಂತ ಯಾರಿಗೆ ಹೊಳೆಯುತ್ತೆ?"

ನನಗೆ ಹೊಳೆದಿತ್ತು. ನನಗೆ ಹೊಳೆದದ್ದು ಇನ್ನೊಬ್ಬರಿಗೂ ಹೊಳೆಯಬಹುದು ಎಂದು ಆಗಲೇ ಯೋಚಿಸಬೇಕಿತ್ತು.

ಮಡಿಲಲ್ಲಿ ಫೋನ್ ಅದುರಿತು. ಅತ್ತಿಗೆ.

"ಎಲ್ಲಿದೀಯ?" ಎಂದರು. ದನಿ ಸಪ್ಪಗಿತ್ತು, ಬೆಳಿಗ್ಗೆಯ ಹಾಗೆಯೇ. ಹಿಂದೆ ಇಸ್ತ್ರಿಯ ಹಬೆ ಬುಸ್ ಎಂದಿತು.

"ಇಲ್ಲೇ, ಹೊರಗಡೆ ಇದೀನಿ ಅತ್ತಿಗೆ."

"ಮನೆಗೆ ಬಾ. ದೊಡ್ಡವರು ಬಂದಿದಾರೆ. ನಿನ್ನ ಅಣ್ಣನ ಕುರ್ಚೀಲಿ ಕೂತಿದಾರೆ." ಹಾಗೇ ಸೇರಿಸಿದರು, "ನಾನು ಅವರ ಎಡಗಡೆ ನಿಂತಿದೀನಿ."

ಅದನ್ನು ಯಾಕೆ ಹೇಳಿದರು ಎಂದು ನನಗೆ ತಿಳಿಯಲಿಲ್ಲ. ಎಚ್ಚರಿಕೆಯೋ, ಕರೆಯೋ, ಅಭ್ಯಾಸವೋ. ಅವರ ಜೊತೆ ಇಷ್ಟು ವರ್ಷ ಒಂದೇ ಮೇಜಿನಲ್ಲಿ ಉಂಡವಳಿಗೆ ಅವರ ದನಿಯಲ್ಲಿ ಅಷ್ಟನ್ನು ಗುರುತು ಹಿಡಿಯಲು ಆಗಲಿಲ್ಲ.

"ಏನಂತೆ ಅವರಿಗೆ?"

"ಇವರ ಇಯರ್‌ಪೀಸ್ ಬೇಕಂತೆ. ಚಾನೆಲ್‌ನ ಸಾಮಾನಂತೆ ಅದು."

"ಬೆಳಿಗ್ಗೆ ನಿಮ್ಮೆದುರಿಗೇ ಜೇಬಿಗೆ ಹಾಕ್ಕೊಂಡೆನಲ್ಲ. ತಂದುಕೊಡ್ತೀನಿ ಬಿಡಿ."

ಆ ಕಡೆ ಇಸ್ತ್ರಿ ನಿಂತಿತು. ಮಿಂಚು ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳ ಎಡಗಿವಿಯಲ್ಲಿ ಅವಳದು, ನನ್ನ ಮುಷ್ಟಿಯಲ್ಲಿ ಅಣ್ಣನದು.

"ಅದಲ್ಲ," ಎಂದರು ಅತ್ತಿಗೆ. "ಬಲಗಿವೀದು. ಆ ಹುಡುಗೀನೂ ಜೊತೇಲಿ ಕರ್ಕೊಂಡು ಬಾ ಅಂತಿದಾರೆ."